'ಮಿಲಿಟರಿಗೆ ಹೋಗಿ ಬಂದ್ರಾ?' ದಕ್ಷಿಣ ಕೊರಿಯಾದ ಒಂದು ಪ್ರಶ್ನೆ, ಅದರ ಹಿಂದಿನ ಸಿಟ್ಟು

ನಮ್ಮ ಕಡೆ ಇಬ್ಬರು ಅಪರಿಚಿತರು ಬಸ್ಸಿನಲ್ಲಿ ಪಕ್ಕಪಕ್ಕ ಕೂತರೆ ಮೊದಲು ಬರುವ ಮಾತು 'ಯಾವೂರಾಯ್ತು?' ದಕ್ಷಿಣ ಕೊರಿಯಾದಲ್ಲಿ ಇಬ್ಬರು ಗಂಡಸರಿಗೆ ಪರಿಚಯವಾದರೆ ಸ್ವಲ್ಪ ಹೊತ್ತಿಗೇ ಇನ್ನೊಂದು ಮಾತು ಬರುತ್ತದೆ. 'ಮಿಲಿಟರಿಗೆ ಹೋಗಿ ಬಂದ್ರಾ? ಯಾವ ಕಡೆ ಇದ್ರಿ?' ಕೆಲಸದ ಸಂದರ್ಶನದಲ್ಲಿ, ಮದುವೆ ಮಾತುಕತೆಯಲ್ಲಿ, ಮಾವನ ಮನೆಯ ಮೊದಲ ಊಟದಲ್ಲಿ ಇದೇ ಪ್ರಶ್ನೆ. 'ಮಿಲಿಟರಿಗೆ ಹೋಗಿ ಬಂದ್ರೇನೇ ಮನುಷ್ಯ ಆಗೋದು' ಅನ್ನೋದು ಅಲ್ಲಿನ ಹಿರಿಯರ ಮಾತು. ಹೋಗಿಲ್ಲ ಎಂದರೆ ಯಾಕೆ ಹೋಗಿಲ್ಲ ಎಂದು ಬಿಡಿಸಿ ಹೇಳಬೇಕಾಗುತ್ತದೆ.

ಕಡ್ಡಾಯ ಸೈನಿಕ ಸೇವೆಯ ಬಗ್ಗೆ ಜನರ ಅಭಿಪ್ರಾಯ ಏನು ಎಂದು ಕೇಳಿದಾಗ ನಾವು ಸಾಮಾನ್ಯವಾಗಿ ಎರಡು ಗುಂಪು ಊಹಿಸಿಕೊಳ್ಳುತ್ತೇವೆ. ಬೇಕು ಅನ್ನೋರು ದೇಶಪ್ರೇಮಿಗಳು, ಬೇಡ ಅನ್ನೋರು ಶಾಂತಿಪ್ರಿಯರು. ಕೊರಿಯಾದ ವಿಷಯವನ್ನು ಓದುತ್ತಾ ಹೋದ ಹಾಗೆ ಈ ಲೆಕ್ಕ ತಪ್ಪು ಅಂತ ನನಗೆ ಅನಿಸಿದೆ. ಅಲ್ಲಿ ದೊಡ್ಡ ಗಲಾಟೆಗಳು ಎದ್ದಿದ್ದು ಸೇವೆ ಬೇಕೋ ಬೇಡವೋ ಎಂಬ ವಿಷಯಕ್ಕೆ ಅಲ್ಲ. 'ನಾನು ಹೋದೆ, ಅವನು ಯಾಕೆ ಹೋಗಲಿಲ್ಲ?' ಎಂಬ ವಿಷಯಕ್ಕೆ. ನಮ್ಮಲ್ಲಿ ಇದಕ್ಕೆ ಸರಿಯಾದ ಪದ ಇದೆ, ಪಂಕ್ತಿಭೇದ. ಊಟ ಹೇಗಿದ್ದರೂ ಜನ ಉಣ್ಣುತ್ತಾರೆ. ಪಕ್ಕದ ಎಲೆಗೆ ಬೇರೆ ಬಡಿಸಿದರೆ ಎದ್ದು ಹೋಗುತ್ತಾರೆ.

ಮೊದಲು ಹಿನ್ನೆಲೆ ಹೇಳಿಬಿಡುತ್ತೇನೆ. ಕೊರಿಯಾ ಯುದ್ಧದಲ್ಲಿ 1953ರ ಜುಲೈ 27ರಂದು ಕದನ ವಿರಾಮ ಆಯಿತು. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ಕಾಗದದ ಮೇಲೆ ಯುದ್ಧ ಇನ್ನೂ ಮುಗಿದಿಲ್ಲ. ಆಚೆ ಕಡೆ ಉತ್ತರ ಕೊರಿಯಾದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಸೈನಿಕರಿದ್ದಾರೆ. ರಾಜಧಾನಿ ಸಿಯೋಲ್ ಗಡಿಯಿಂದ ಸುಮಾರು 50 ಕಿಲೋಮೀಟರ್ ದೂರ. ಬೆಂಗಳೂರಿಂದ ರಾಮನಗರ ಇದ್ದ ಹಾಗೆ. ಆದ್ದರಿಂದ 'ಸೇನೆ ಯಾಕೆ ಬೇಕು' ಎಂಬ ಪ್ರಶ್ನೆ ಅಲ್ಲಿ ಜಾಸ್ತಿ ಏಳುವುದಿಲ್ಲ.

ಆ ಗಡಿಗೂ ನಮ್ಮ ಕೊಡಗಿಗೂ ಒಂದು ನಂಟಿದೆ. ಕದನ ವಿರಾಮದ ನಂತರ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಯುದ್ಧ ಕೈದಿಗಳು ತಮ್ಮ ದೇಶಕ್ಕೆ ವಾಪಸ್ ಹೋಗಲು ಒಪ್ಪಲಿಲ್ಲ. ಅವರ ಇಷ್ಟ ಏನು ಎಂದು ತಿಳಿಯಲು ಐದು ತಟಸ್ಥ ದೇಶಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರಾಗಿ ಹೋದವರು ಮಡಿಕೇರಿಯ ಕೆ.ಎಸ್. ತಿಮ್ಮಯ್ಯ. ಒಬ್ಬ ಮನುಷ್ಯನನ್ನು ಅವನ ಇಷ್ಟ ಕೇಳದೆ ಯಾವ ಕಡೆಗೂ ಎಳೆಯಬಾರದು ಅನ್ನೋದೇ ಆ ಕೆಲಸದ ತಿರುಳು. ಉತ್ತರವೂ ಬೇಡ, ದಕ್ಷಿಣವೂ ಬೇಡ ಎಂದ ಕೆಲವರು 1954ರಲ್ಲಿ ಭಾರತಕ್ಕೆ ಬಂದರು. ಬಲವಂತದ ಪ್ರಶ್ನೆ ಆ ಗಡಿಯ ಜೊತೆಗೇ ಹುಟ್ಟಿದೆ ಎಂದು ನೆನಪಿಸಲು ಇದನ್ನು ಹೇಳಿದೆ.

ಈಗಿನ ನಿಯಮ ಸರಳ. ದೈಹಿಕವಾಗಿ ಸರಿ ಇರುವ ಪ್ರತಿ ಗಂಡಸೂ ಹೋಗಬೇಕು. ಭೂಸೇನೆಯಲ್ಲಿ 18 ತಿಂಗಳು, ನೌಕಾಸೇನೆಯಲ್ಲಿ 20, ವಾಯುಸೇನೆಯಲ್ಲಿ 21. ಹೆಚ್ಚಿನವರು ಕಾಲೇಜು ಅರ್ಧಕ್ಕೆ ನಿಲ್ಲಿಸಿ ಹೋಗುತ್ತಾರೆ. ಬಂದ ಮೇಲೂ ಎಂಟು ವರ್ಷ ಮೀಸಲು ಪಡೆಯ ಪಟ್ಟಿಯಲ್ಲಿ ಹೆಸರಿರುತ್ತದೆ. ಹೆಂಗಸರಿಗೆ ಕಡ್ಡಾಯ ಇಲ್ಲ, ಇಷ್ಟವಿದ್ದರೆ ಸೇರಬಹುದು. ಗಂಡಸರಲ್ಲಿ ವೈದ್ಯಕೀಯ ಪರೀಕ್ಷೆಯಲ್ಲಿ ಕೆಳಗಿನ ದರ್ಜೆ ಬಂದವರು ಸರ್ಕಾರಿ ಕಚೇರಿ, ವೃದ್ಧಾಶ್ರಮ, ರೈಲು ನಿಲ್ದಾಣಗಳಲ್ಲಿ ಸಮಾಜ ಸೇವೆ ಮಾಡುತ್ತಾರೆ. ಪೂರ್ತಿ ವಿನಾಯಿತಿ ಸಿಗುವವರು ಬಹಳ ಕಡಿಮೆ. ಆ ಸ್ವಲ್ಪ ಮಂದಿಗೆ ಕೊರಿಯಾದ ಹುಡುಗರು ಇಟ್ಟ ಹೆಸರು 'ದೇವರ ಮಕ್ಕಳು'. ಸಿಕ್ಕಿಹಾಕಿಕೊಂಡು ಹೋದವರು 'ಕತ್ತಲೆಯ ಮಕ್ಕಳು'.

ದೇವರ ಮಕ್ಕಳ ಮೇಲಿನ ಸಿಟ್ಟು ಎಷ್ಟು ದೊಡ್ಡದು ಅನ್ನೋದಕ್ಕೆ 1997ರ ಅಧ್ಯಕ್ಷ ಚುನಾವಣೆ ನೋಡಬೇಕು. ಲೀ ಹೊಯ್-ಚಾಂಗ್ ಎಂಬುವರು ಆಡಳಿತ ಪಕ್ಷದ ಅಭ್ಯರ್ಥಿ. ಸುಪ್ರೀಂ ಕೋರ್ಟ್ ನ್ಯಾಯಾಧೀಶರಾಗಿದ್ದವರು. 'ಬಿದಿರಿನ ಹಾಗೆ ನೇರ' ಎಂಬ ಹೆಸರು. ಅವರೇ ಗೆಲ್ಲುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆಗ ಅವರ ಇಬ್ಬರು ಗಂಡುಮಕ್ಕಳಿಗೂ ತೂಕ ಕಡಿಮೆ ಎಂಬ ಕಾರಣಕ್ಕೆ ವಿನಾಯಿತಿ ಸಿಕ್ಕಿದ್ದು ಹೊರಬಂತು. ದೊಡ್ಡ ಮಗನ ಎತ್ತರ 179 ಸೆಂಟಿಮೀಟರ್, ತೂಕ 45 ಕೆಜಿ. ಮಗನನ್ನು ಗಡಿಗೆ ಕಳಿಸಿ ದಿನ ಎಣಿಸಿದ ಲಕ್ಷಾಂತರ ತಾಯಂದಿರು ಆ ಎರಡು ಅಂಕಿ ಓದಿದರು. ಲೀ ಅವರ ಜನಪ್ರಿಯತೆ ಕುಸಿಯಿತು. ಕಿಮ್ ಡೇ-ಜಂಗ್ ಎದುರು ಎರಡು ಶೇಕಡಕ್ಕಿಂತ ಕಡಿಮೆ ಅಂತರದಲ್ಲಿ ಸೋತರು. 2002ರಲ್ಲಿ ಮತ್ತೆ ನಿಂತರು. ಮಕ್ಕಳನ್ನು ಬಿಡಿಸಲು ಲಂಚ ಕೊಟ್ಟಿದ್ದಾರೆ ಎಂಬ ಹೊಸ ಆರೋಪ ಬಂತು. ಮತ್ತೆ ಸೋತರು.

ಆ ಲಂಚದ ಆರೋಪ ಸುಳ್ಳು ಎಂದು ಆಮೇಲೆ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಆರೋಪ ಮಾಡಿದವನಿಗೆ ಜೈಲಾಯಿತು. ಅಷ್ಟು ಹೊತ್ತಿಗೆ ಚುನಾವಣೆ ಮುಗಿದಿತ್ತು. ಇದನ್ನು ಮರೆಯಬಾರದು. ಪಂಕ್ತಿಭೇದದ ಅನುಮಾನ ಒಮ್ಮೆ ಹುಟ್ಟಿದರೆ ಅದಕ್ಕೆ ಸಾಕ್ಷಿ ಬೇಕಾಗುವುದಿಲ್ಲ. ತನ್ನ ಮಗನನ್ನು ಕಳಿಸಿದವನು ಬೇರೆಯವರ ಮಗನ ಬಗ್ಗೆ ಕೆಟ್ಟದ್ದನ್ನು ನಂಬಲು ತಯಾರಾಗಿಯೇ ಇರುತ್ತಾನೆ. ಇದು ಕೊರಿಯಾದ ರಾಜಕೀಯಕ್ಕೆ ಆಯುಧವೂ ಆಗಿದೆ, ಹುಣ್ಣೂ ಆಗಿದೆ. 2020ರಲ್ಲಿ ಕಾನೂನು ಮಂತ್ರಿ ಚೂ ಮಿ-ಏ ಅವರ ಮಗ ಸೇವೆಯಲ್ಲಿದ್ದಾಗ ರಜೆ ವಿಸ್ತರಿಸಿಕೊಂಡ ವಿಷಯ ವಾರಗಟ್ಟಲೆ ದೇಶದ ದೊಡ್ಡ ಸುದ್ದಿಯಾಗಿತ್ತು. ಮೊಣಕಾಲು ಶಸ್ತ್ರಚಿಕಿತ್ಸೆಯ ರಜೆ. ಪ್ರಾಸಿಕ್ಯೂಟರ್‌ಗಳು ಕೊನೆಗೆ ಮೊಕದ್ದಮೆ ಹಾಕಲಿಲ್ಲ. ನಮಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಜ್ವರ ಬಂದಾಗಲೂ ರಜೆ ಸಿಗದೆ ಕಾವಲು ನಿಂತವನಿಗೆ ಸಣ್ಣದಲ್ಲ.

1999ರಲ್ಲಿ ಅಲ್ಲಿ ಒಂದು ಕಾನೂನು ಬಂತು. ದೊಡ್ಡ ಹುದ್ದೆಯಲ್ಲಿರುವ ಅಧಿಕಾರಿಗಳು, ಜನಪ್ರತಿನಿಧಿಗಳು ತಮ್ಮ ಮತ್ತು ತಮ್ಮ ಗಂಡುಮಕ್ಕಳ ಸೇವೆಯ ವಿವರ ಸಾರ್ವಜನಿಕವಾಗಿ ಹೇಳಬೇಕು. ಯಾರು ಬೇಕಾದರೂ ನೋಡಬಹುದು. ಆಸ್ತಿ ವಿವರ ಕೊಡುವ ಹಾಗೆಯೇ ಇದೂ. ಕೊರಿಯಾದವರು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದು ಒಂದು ಎಂದು ನಾನು ನಂಬುತ್ತೇನೆ.

ಸಿನಿಮಾ, ಹಾಡಿನ ಮಂದಿಗೆ ಬಂದರೆ ಯೂ ಸಂಗ್-ಜುನ್ ಕಥೆ ಎಲ್ಲರಿಗೂ ಪಾಠ. 1990ರ ದಶಕದ ಕೊನೆಯಲ್ಲಿ ಅವನು ಅಲ್ಲಿನ ಅತಿ ದೊಡ್ಡ ಗಾಯಕರಲ್ಲಿ ಒಬ್ಬ. 'ನಾನು ಮಿಲಿಟರಿಗೆ ಹೋಗೇ ಹೋಗ್ತೀನಿ' ಎಂದು ಟಿವಿಯಲ್ಲಿ ಹೇಳುತ್ತಿದ್ದ. ಜನ ಮೆಚ್ಚಿದ್ದರು. 2002ರ ಜನವರಿಯಲ್ಲಿ, ಕರೆ ಬಂದ ಹೊತ್ತಿಗೆ, ಅಮೆರಿಕದ ಪೌರತ್ವ ತೆಗೆದುಕೊಂಡ. ಸರ್ಕಾರ ಅವನು ದೇಶದೊಳಗೆ ಬರದಂತೆ ತಡೆಯಿತು. 2020ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದ. ಆದರೂ ವೀಸಾ ಸಿಗಲಿಲ್ಲ. ಇಪ್ಪತ್ತು ವರ್ಷ ಕಳೆದರೂ ಜನರ ಸಿಟ್ಟು ಇಳಿಯಲಿಲ್ಲ. ಕೊಲೆ ಮಾಡಿದವನೂ ಶಿಕ್ಷೆ ಮುಗಿಸಿ ಮನೆಗೆ ಬರುತ್ತಾನೆ. ಇವನಿಗೆ ಆ ದಾರಿಯೂ ಇಲ್ಲ. ಇಷ್ಟು ದೀರ್ಘ ಶಿಕ್ಷೆ ನ್ಯಾಯ ಅಂತ ನನಗೆ ಅನಿಸುವುದಿಲ್ಲ. ಆದರೆ ಆ ಸಿಟ್ಟು ಎಲ್ಲಿಂದ ಬಂತು ಅನ್ನೋದು ಅರ್ಥವಾಗುತ್ತದೆ. ಮಾತು ಕೊಟ್ಟು ತಪ್ಪಿದ್ದು ಅದರ ಅರ್ಧ ಭಾಗ. ದುಡ್ಡು, ಹೆಸರು, ಇನ್ನೊಂದು ದೇಶದ ಬಾಗಿಲು ಇದ್ದವನು ಮಾತ್ರ ಹಾಗೆ ತಪ್ಪಿಸಿಕೊಳ್ಳಬಲ್ಲ ಅನ್ನೋದು ಇನ್ನರ್ಧ.

ಬೆಂಗಳೂರು, ಮೈಸೂರಿನ ಕಾಲೇಜು ಹುಡುಗಿಯರಿಗೆ ಬಿಟಿಎಸ್ ಎಂಬ ಕೊರಿಯಾದ ಹಾಡುಗಾರರ ತಂಡದ ವಿಷಯ ಬಾಯಿಪಾಠ ಇರುತ್ತದೆ. ಆ ತಂಡದ ಏಳು ಹುಡುಗರು ಕೊರಿಯಾಕ್ಕೆ ತಂದ ದುಡ್ಡು, ಹೆಸರು ಸಣ್ಣದಲ್ಲ. ಅವರಿಗೆ ವಿನಾಯಿತಿ ಕೊಡಬೇಕೇ ಎಂದು ಸಂಸತ್ತಿನಲ್ಲಿ ವರ್ಷಗಟ್ಟಲೆ ಚರ್ಚೆಯಾಯಿತು. ಹಳೆಯ ಒಂದು ನಿಯಮ ಅದಕ್ಕೆ ಕಾರಣ. 1973ರಲ್ಲಿ ಶುರುವಾದ ಆ ನಿಯಮದಂತೆ ಈಗ ಒಲಿಂಪಿಕ್ಸ್‌ನಲ್ಲಿ ಯಾವುದೇ ಪದಕ, ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದವರಿಗೆ, ಕೆಲವು ಶಾಸ್ತ್ರೀಯ ಸಂಗೀತ, ನೃತ್ಯ ಸ್ಪರ್ಧೆಗಳಲ್ಲಿ ಗೆದ್ದವರಿಗೆ ರಿಯಾಯಿತಿ ಇದೆ. ಫುಟ್ಬಾಲ್ ಆಟಗಾರ ಸನ್ ಹ್ಯೂಂಗ್-ಮಿನ್ 2018ರ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಜಪಾನ್ ವಿರುದ್ಧ ಗೆದ್ದಾಗ ಚಿನ್ನದ ಜೊತೆಗೆ ಆ ರಿಯಾಯಿತಿಯೂ ಸಿಕ್ಕಿತು. 2020ರಲ್ಲಿ ಜೆಜು ದ್ವೀಪದಲ್ಲಿ ಮೂರು ವಾರದ ತರಬೇತಿ ಮುಗಿಸಿ ಇಂಗ್ಲೆಂಡಿಗೆ ಮರಳಿದ. ಪಿಯಾನೋ ಬಾರಿಸುವವನಿಗೆ ರಿಯಾಯಿತಿ ಇದೆ, ಚೆಂಡು ಒದೆಯುವವನಿಗೆ ಇದೆ. ಅಮೆರಿಕದ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದ ಹಾಡುಗಾರರಿಗೆ ಯಾಕಿಲ್ಲ? ಪ್ರಶ್ನೆ ನ್ಯಾಯವಾಗಿಯೇ ಇತ್ತು.

2020ರ ಕೊನೆಯಲ್ಲಿ ಕಾನೂನು ಬದಲಿಸಿ, 30 ವರ್ಷದವರೆಗೆ ಮುಂದೂಡಲು ಅವಕಾಶ ಕೊಟ್ಟರು. ಪೂರ್ತಿ ಬಿಡಲಿಲ್ಲ. ಬಿಟ್ಟುಬಿಡಲಿ ಎಂದವರು ಬೇಕಾದಷ್ಟು ಜನ ಇದ್ದರು. ಆದರೆ ನಿರ್ಧಾರ ಮಾಡುವವರಿಗೆ ಒಂದು ಭಯ ಇತ್ತು. ಇವರನ್ನು ಬಿಟ್ಟರೆ ಮುಂದಿನವರನ್ನು ಯಾವ ಅಳತೆಗೋಲಿನಿಂದ ಅಳೆಯೋದು? ಕೊನೆಗೆ 2022ರ ಅಕ್ಟೋಬರ್‌ನಲ್ಲಿ ತಂಡವೇ 'ನಾವು ಹೋಗುತ್ತೇವೆ' ಎಂದಿತು. ದೊಡ್ಡವನಾದ ಜಿನ್ ಅದೇ ಡಿಸೆಂಬರ್ 13ರಂದು ತಲೆ ಬೋಳಿಸಿಕೊಂಡು ಯೋಂಚಿಯೋನ್ ಎಂಬ ಗಡಿ ಭಾಗದ ತರಬೇತಿ ಕೇಂದ್ರಕ್ಕೆ ಹೋದ. 2025ರ ಜೂನ್ ಹೊತ್ತಿಗೆ ಏಳೂ ಮಂದಿ ಸೇವೆ ಮುಗಿಸಿ ಬಂದರು. ಬೋಳು ತಲೆಯ ಆ ಫೋಟೋ ನೋಡಿ ಇಲ್ಲಿನ ಹುಡುಗಿಯರು ಅತ್ತರು. ಅಲ್ಲಿ ಎಷ್ಟೋ ಸಾಮಾನ್ಯ ಹುಡುಗರಿಗೆ ಅದೇ ಫೋಟೋ ಸಮಾಧಾನ ಕೊಟ್ಟಿರಬೇಕು.

ರಿಯಾಯಿತಿ ಹೇಗೆ ವಿಷವಾಗುತ್ತದೆ ಅನ್ನೋದಕ್ಕೆ ಬೇಸ್‌ಬಾಲ್ ಉದಾಹರಣೆ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಕೊರಿಯಾ ಬೇಸ್‌ಬಾಲ್ ತಂಡ ಚಿನ್ನ ಗೆದ್ದಿತು. ಜನ ಸಂಭ್ರಮಿಸಲಿಲ್ಲ. ಸೇವೆ ತಪ್ಪಿಸಿಕೊಳ್ಳಲೆಂದೇ ಕೆಲವರನ್ನು ತಂಡಕ್ಕೆ ಸೇರಿಸಿದ್ದಾರೆ ಎಂಬ ಕೋಪ. ತಂಡದ ಮ್ಯಾನೇಜರ್ ಸನ್ ಡಾಂಗ್-ಯೋಲ್ ಅವರನ್ನು ಸಂಸತ್ತಿಗೆ ಕರೆಸಿ ಪ್ರಶ್ನೆ ಕೇಳಿದರು. ಚಿನ್ನ ತಂದ ಮ್ಯಾನೇಜರ್ ಅದೇ ವರ್ಷ ರಾಜೀನಾಮೆ ಕೊಟ್ಟರು.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಭಾಗಕ್ಕೆ ಬರುತ್ತೇನೆ. ಅದು ಋಣದ ಲೆಕ್ಕ.

ಒಂದೂವರೆ ಎರಡು ವರ್ಷ ಒಬ್ಬ ಹುಡುಗನ ಬದುಕನ್ನು ರಾಜ್ಯ ತೆಗೆದುಕೊಂಡಾಗ ಅವನಿಗೆ ಏನು ವಾಪಸ್ ಕೊಡಬೇಕು? ಕೊರಿಯಾ ಬಹಳ ಕಾಲ ಸಂಬಳದ ರೂಪದಲ್ಲಿ ಹೆಚ್ಚುಕಮ್ಮಿ ಏನೂ ಕೊಡಲಿಲ್ಲ. 2017ರಲ್ಲೂ ಕಡ್ಡಾಯ ಸೇವೆಯ ಅತಿ ಹಿರಿಯ ದರ್ಜೆಯ ಸೈನಿಕನಿಗೆ ತಿಂಗಳಿಗೆ ಸಿಗುತ್ತಿದ್ದುದು ಕೊರಿಯಾ ದುಡ್ಡಲ್ಲಿ 2 ಲಕ್ಷ 16 ಸಾವಿರ ವನ್. ಆ ವರ್ಷದ ಕನಿಷ್ಠ ಕೂಲಿಯ ಆರನೇ ಒಂದು ಭಾಗವೂ ಅಲ್ಲ. ನಮ್ಮ ಹಳ್ಳಿಗಳಲ್ಲಿ ಗೌಡರ ಹೊಲದಲ್ಲಿ ಸುಮ್ನೆ ದುಡಿಸಿಕೊಳ್ಳುವುದಕ್ಕೆ ಬಿಟ್ಟಿ ಅಂತಿದ್ದರಲ್ಲ, ಅದಕ್ಕೂ ಇದಕ್ಕೂ ದೂರ ಜಾಸ್ತಿ ಇರಲಿಲ್ಲ.

ದುಡ್ಡಿನ ಬದಲು ಸರ್ಕಾರ ಕೊಡುತ್ತಿದ್ದುದು ಅಂಕ. ಸರ್ಕಾರಿ ನೌಕರಿಯ ಪರೀಕ್ಷೆಯಲ್ಲಿ ಎರಡು ವರ್ಷಕ್ಕೂ ಜಾಸ್ತಿ ಸೇವೆ ಮಾಡಿದವರಿಗೆ 5 ಶೇಕಡ, ಕಡಿಮೆ ಮಾಡಿದವರಿಗೆ 3 ಶೇಕಡ ಹೆಚ್ಚುವರಿ ಅಂಕ. ಕೇಳೋಕೆ ಸಣ್ಣದು. ಆದರೆ ಕೆಪಿಎಸ್‌ಸಿ ಪರೀಕ್ಷೆ ಬರೆದವರಿಗೆ ಗೊತ್ತು, ಅರ್ಧ ಅಂಕದಲ್ಲಿ ನೂರಾರು ಮಂದಿ ಹಿಂದೆ ಬೀಳುತ್ತಾರೆ. ಐದು ಶೇಕಡ ಅಂದರೆ ಹೆಣ್ಣುಮಕ್ಕಳಿಗೂ ಅಂಗವಿಕಲರಿಗೂ ಬಾಗಿಲು ಮುಚ್ಚಿದ ಹಾಗೆ. ಸಿಯೋಲ್‌ನ ಇಹ್ವಾ ಮಹಿಳಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು, ಅವರ ಜೊತೆ ಅಂಗವಿಕಲ ಯುವಕನೊಬ್ಬ, ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋದರು. 1999ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಆ ಅಂಕವನ್ನು ರದ್ದು ಮಾಡಿತು.

ತೀರ್ಪು ಸರಿಯೇ ಇತ್ತು. ರಾಜ್ಯ ತಾನು ಮಾಡಿದ ಸಾಲವನ್ನು ಹೆಣ್ಣುಮಕ್ಕಳ ಮತ್ತು ಅಂಗವಿಕಲರ ಜೇಬಿನಿಂದ ತೀರಿಸುತ್ತಿತ್ತು. ಅದು ನಿಲ್ಲಬೇಕಿತ್ತು, ನಿಂತಿತು. ಆದರೆ ಸಾಲ ಹಾಗೇ ಉಳಿಯಿತು. ಖಜಾನೆಯಿಂದ ಕೊಡುವ ಕೆಲಸವನ್ನು ಸರ್ಕಾರ ಮಾಡಲಿಲ್ಲ. ಮರುದಿನದಿಂದಲೇ ಯುವಕರ ಸಿಟ್ಟು ಸರ್ಕಾರದ ಮೇಲೆ ಹೋಗುವ ಬದಲು ದೂರು ಕೊಟ್ಟ ಹೆಣ್ಣುಮಕ್ಕಳ ಮೇಲೆ ತಿರುಗಿತು. ಇಂಟರ್ನೆಟ್ ಆಗಷ್ಟೇ ಮನೆಮನೆಗೆ ಬರುತ್ತಿದ್ದ ಕಾಲ. ಆ ವಿದ್ಯಾರ್ಥಿನಿಯರ ಮೇಲೆ ಬೈಗುಳ, ಬೆದರಿಕೆಗಳು ಸುರಿದವು. ಕೊರಿಯಾದಲ್ಲಿ ಇವತ್ತು ಗಂಡು-ಹೆಣ್ಣುಗಳ ನಡುವೆ ಇರುವ ರಾಜಕೀಯ ಬಿರುಕಿಗೆ ಎಷ್ಟೋ ಕಾರಣಗಳಿವೆ. ಅದರ ಒಂದು ಬೇರು ಈ ತೀರಿಸದ ಸಾಲದಲ್ಲಿದೆ.

2021ರ ಏಪ್ರಿಲ್‌ನಲ್ಲಿ ಹೆಂಗಸರನ್ನೂ ಕಡ್ಡಾಯ ಸೇವೆಗೆ ಸೇರಿಸಿ ಎಂಬ ಮನವಿಗೆ ಅಧ್ಯಕ್ಷರ ಕಚೇರಿಯ ವೆಬ್‌ಸೈಟ್‌ನಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಸಹಿ ಬಿದ್ದವು. ಅದೇ ತಿಂಗಳು ಸಿಯೋಲ್ ಮೇಯರ್ ಉಪಚುನಾವಣೆಯಲ್ಲಿ ಇಪ್ಪತ್ತರ ಹರೆಯದ ಗಂಡಸರಲ್ಲಿ ಹತ್ತಕ್ಕೆ ಏಳಕ್ಕೂ ಜಾಸ್ತಿ ಮಂದಿ ಸಂಪ್ರದಾಯವಾದಿ ಪಕ್ಷಕ್ಕೆ ಮತ ಹಾಕಿದರು ಎಂದು ಮತಗಟ್ಟೆ ಸಮೀಕ್ಷೆ ಹೇಳಿತು. ಅದೇ ವಯಸ್ಸಿನ ಹೆಂಗಸರಲ್ಲಿ ಹೆಚ್ಚಿನವರು ಬೇರೆ ಕಡೆ ಹೋದರು. ರಾಜಕಾರಣಿಗಳು ಇದನ್ನು ತಕ್ಷಣ ಗುರುತಿಸಿದರು. 2022ರ ಅಧ್ಯಕ್ಷ ಚುನಾವಣೆಯಲ್ಲಿ ಅದೇ ಪಕ್ಷದ ಯೂನ್ ಸುಕ್-ಯೋಲ್ ಮಹಿಳಾ ಮತ್ತು ಕುಟುಂಬ ಸಚಿವಾಲಯವನ್ನೇ ಮುಚ್ಚುತ್ತೇನೆ ಎಂದು ಮತ ಕೇಳಿದರು. ಸೈನಿಕರ ಸಂಬಳ ಏರಿಸುತ್ತೇನೆ ಎಂಬ ಮಾತೂ ಅದರ ಜೊತೆಗಿತ್ತು.

ಸಂಬಳ ಏರಿದ್ದು ನಿಜ. 2018ರಿಂದ ಎರಡು ಸರ್ಕಾರಗಳು ಒಂದರ ಹಿಂದೆ ಒಂದು ಏರಿಸಿ, 2025ಕ್ಕೆ ಅದೇ ದರ್ಜೆಯವನಿಗೆ ತಿಂಗಳಿಗೆ 15 ಲಕ್ಷ ವನ್ ಆಯಿತು. ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ 90 ಸಾವಿರ ರೂಪಾಯಿ. ಎಂಟು ವರ್ಷದಲ್ಲಿ ಏಳು ಪಟ್ಟು. ಇದನ್ನು ಮೊದಲೇ ಮಾಡಿದ್ದರೆ ಎಷ್ಟು ವಿಷ ತಪ್ಪುತ್ತಿತ್ತು! ಈಗ ಬೇರೆ ತೊಂದರೆ ಎದ್ದಿದೆ. ಕಡ್ಡಾಯಕ್ಕೆ ಬಂದವನ ಸಂಬಳ ಮೇಲೇರಿದಾಗ, ಅದನ್ನೇ ವೃತ್ತಿಯಾಗಿ ಆರಿಸಿಕೊಂಡ ಕಿರಿಯ ಅಧಿಕಾರಿಗಳ ಸಂಬಳಕ್ಕೂ ಅದಕ್ಕೂ ಅಂತರ ಉಳಿಯಲಿಲ್ಲ. ಅವರ ಸೇವೆಯ ಅವಧಿಯೂ ಜಾಸ್ತಿ. ಹಾಗಾಗಿ ಆ ಹುದ್ದೆಗಳಿಗೆ ಅರ್ಜಿ ಹಾಕುವವರು ಕಡಿಮೆಯಾದರು.

ಸಂಬಳದಷ್ಟೇ ಮುಖ್ಯ ಜೀವ. 2014ರಲ್ಲಿ ಒಬ್ಬ ಹುಡುಗನನ್ನು ಅವನ ಬ್ಯಾರಕ್‌ನ ಹಿರಿಯರೇ ವಾರಗಟ್ಟಲೆ ಹೊಡೆದು ಸಾಯಿಸಿದರು. ಅದೇ ವರ್ಷ ಇನ್ನೊಬ್ಬ ಸೈನಿಕ ಗಡಿಯ ಠಾಣೆಯಲ್ಲಿ ತನ್ನ ಜೊತೆಯವರ ಮೇಲೆ ಗುಂಡು ಹಾರಿಸಿ ಐದು ಮಂದಿಯನ್ನು ಕೊಂದ. 2023ರ ಜುಲೈನಲ್ಲಿ ಪ್ರವಾಹದಲ್ಲಿ ಕಾಣೆಯಾದವರನ್ನು ಹುಡುಕಲು ನದಿಗೆ ಇಳಿಸಿದ ಯುವ ಮರೀನ್ ಸೈನಿಕ ಒಬ್ಬ ಕೊಚ್ಚಿಹೋದ. ಅವನಿಗೆ ಲೈಫ್ ಜಾಕೆಟ್ ಕೊಟ್ಟಿರಲಿಲ್ಲ. ಆ ಸಾವಿನ ತನಿಖೆ ಮಾಡಿದ ಕರ್ನಲ್ ಮೇಲೇ ಆಜ್ಞೆ ಮೀರಿದ ಮೊಕದ್ದಮೆ ಬಿತ್ತು. 2025ರ ಜನವರಿಯಲ್ಲಿ ಅವರು ನಿರ್ದೋಷಿ ಎಂದು ತೀರ್ಪು ಬಂತು. ನನ್ನ ಮಗನನ್ನು ನೀವು ಕೇಳಿದಿರಿ, ಕೊಟ್ಟೆ, ಯಾಕೆ ಕಾಪಾಡಲಿಲ್ಲ? ಸ್ವಂತ ಇಷ್ಟದಿಂದ ಸೇರಿದವನ ತಾಯಿಗಿಂತ ಬಲವಂತಕ್ಕೆ ಕಳಿಸಿದ ತಾಯಿಯ ಈ ಪ್ರಶ್ನೆ ಇನ್ನೂ ಚೂಪಾಗಿರುತ್ತದೆ. 2020ರಿಂದ ಬ್ಯಾರಕ್‌ಗಳಲ್ಲಿ ಕೆಲಸ ಮುಗಿದ ಮೇಲೆ ಮೊಬೈಲ್ ಬಳಸಲು ಪೂರ್ತಿ ಅವಕಾಶ ಸಿಕ್ಕಿತು. ಸಂಜೆ ಅಮ್ಮನಿಗೆ ಒಂದು ಫೋನ್. ಕೆಟ್ಟ ಊಟದ ಫೋಟೋ ಕೂಡ ಹೊರಗೆ ಬರತೊಡಗಿತು. ಅದರಿಂದ ಊಟ ಸುಧಾರಿಸಿತು.

ಆಯುಧ ಹಿಡಿಯಲು ಮನಸ್ಸಾಕ್ಷಿ ಒಪ್ಪದವರ ಕಥೆ ಬೇರೆ. ಅವರಲ್ಲಿ ಹೆಚ್ಚಿನವರು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು. 1950ರ ದಶಕದಿಂದ ಹತ್ತೊಂಬತ್ತು ಸಾವಿರ ಮಂದಿ ಜೈಲಿಗೆ ಹೋಗಿದ್ದಾರೆ. ಕೆಲವು ಮನೆಗಳಲ್ಲಿ ಅಪ್ಪನೂ ಹೋದ, ಮಗನೂ ಹೋದ. 2018ರ ಜೂನ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಅವರಿಗೆ ಬೇರೆ ದಾರಿ ಮಾಡಿಕೊಡಿ ಎಂದಿತು. 2020ರಿಂದ ಆ ದಾರಿ ಇದೆ. ಆದರೆ ಹೇಗಿದೆ ನೋಡಿ. 36 ತಿಂಗಳು ಜೈಲಿನೊಳಗೇ ಇದ್ದು ಅಡುಗೆ, ಶುಚಿ ಮಾಡುವ ಕೆಲಸ. ಸೈನಿಕನ ಅವಧಿಯ ಎರಡು ಪಟ್ಟು. ಇಷ್ಟು ಉದ್ದ ಇಟ್ಟಿದ್ದಕ್ಕೆ ಕಾರಣ ಜನರ ಭಾವನೆ. ಸುಲಭ ಮಾಡಿದರೆ ಎಲ್ಲರೂ ಮನಸ್ಸಾಕ್ಷಿ ಅಂದುಬಿಡುತ್ತಾರೆ ಎಂಬ ಅನುಮಾನ. 2024ರಲ್ಲಿ ನ್ಯಾಯಾಲಯ ಈ ಅವಧಿಯನ್ನು ಎತ್ತಿಹಿಡಿಯಿತು. ನನಗೆ ಇದು ಸೇವೆಗಿಂತ ಶಿಕ್ಷೆಯ ಹಾಗೇ ಕಾಣುತ್ತದೆ. ಸಮಾನತೆಯ ಹಸಿವು ಒಳ್ಳೆಯದೇ, ಆದರೆ ಅದು 'ನಾನು ನರಳಿದಷ್ಟು ನೀನೂ ನರಳು' ಎಂಬಲ್ಲಿಗೆ ಬಂದು ನಿಂತಾಗ ಯಾರಿಗೂ ಲಾಭವಿಲ್ಲ.

ಇದೇ ಹಸಿವಿನ ಇನ್ನೊಂದು ಮುಖವೂ ಇದೆ. 2011ರವರೆಗೆ, ನೋಡಲು ಬೇರೆಯಾಗಿ ಕಾಣುವ ಮಿಶ್ರ ಜನಾಂಗದ ಹುಡುಗರನ್ನು ಸೇನೆ ತೆಗೆದುಕೊಳ್ಳುತ್ತಿರಲಿಲ್ಲ. ಅವರಿಗೆ ಅದು ವಿನಾಯಿತಿ ಆಗಿರಲಿಲ್ಲ. 'ನೀನು ನಮ್ಮವನಲ್ಲ' ಎಂಬ ಮಾತಾಗಿತ್ತು. ಎಲ್ಲರೂ ಹೋಗುವ ಕಡೆ ನಿನ್ನನ್ನು ಕರೆಯಲಿಲ್ಲ ಎಂದರೆ ನಿನ್ನನ್ನು ಲೆಕ್ಕಕ್ಕೇ ಹಿಡಿದಿಲ್ಲ ಎಂದರ್ಥ, ಅಲ್ವಾ? ಈಗ ಅವರೂ ಹೋಗುತ್ತಾರೆ. ಸೈನಿಕರ ಪ್ರತಿಜ್ಞೆಯಲ್ಲಿದ್ದ 'ಜನಾಂಗ' ಎಂಬ ಪದ ಹೋಗಿ 'ಪ್ರಜೆಗಳು' ಎಂಬ ಪದ ಬಂದಿದೆ.

ಜರ್ಮನಿಯಲ್ಲಿ ಈಗ ನಡೆಯುತ್ತಿರುವ ಜಗಳವನ್ನೂ ಇದೇ ಕಣ್ಣಿಂದ ನೋಡಬಹುದು. ಅಲ್ಲಿ 2011ರಲ್ಲಿ ಕಡ್ಡಾಯ ಸೇವೆ ನಿಲ್ಲಿಸಿದರು. ಕೊನೆಕೊನೆಗೆ ಹುಡುಗರಲ್ಲಿ ಸ್ವಲ್ಪ ಮಂದಿಯನ್ನು ಮಾತ್ರ ಕರೆಯುತ್ತಿದ್ದುದೂ ಅದಕ್ಕೆ ಒಂದು ಕಾರಣ. ಉಕ್ರೇನ್ ಯುದ್ಧದ ನಂತರ ಮತ್ತೆ ಚರ್ಚೆ. 2025ರ ಅಕ್ಟೋಬರ್‌ನಲ್ಲಿ ಆಡಳಿತ ಪಕ್ಷಗಳು ಲಾಟರಿ ಎತ್ತಿ ಆರಿಸೋಣ ಎಂಬ ಯೋಚನೆ ತಂದವು. ಅದು ಅಲ್ಲೇ ಬಿದ್ದುಹೋಯಿತು. ಡಿಸೆಂಬರ್ 5ರಂದು ಪಾಸಾದ ಕಾನೂನಿನಲ್ಲಿ 2008 ಮತ್ತು ನಂತರ ಹುಟ್ಟಿದ ಹುಡುಗರು 18 ತುಂಬಿದಾಗ ಒಂದು ಪ್ರಶ್ನಾವಳಿ ತುಂಬಬೇಕು, ಸೇರುವುದು ಸದ್ಯಕ್ಕೆ ಅವರಿಷ್ಟ. ಆ ದಿನವೇ ಊರೂರುಗಳಲ್ಲಿ ಶಾಲಾ ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದರು. ಅಲ್ಲಿನ ಸಮೀಕ್ಷೆಗಳಲ್ಲಿ ಕಡ್ಡಾಯ ಬೇಕು ಅನ್ನೋರಲ್ಲಿ ವಯಸ್ಸಾದವರೇ ಜಾಸ್ತಿ, ಬೇಡ ಅನ್ನೋರಲ್ಲಿ ಹೋಗಬೇಕಾದ ವಯಸ್ಸಿನವರೇ ಜಾಸ್ತಿ. ಮ್ಯೂನಿಕ್, ಸ್ಟುಟ್‌ಗಾರ್ಟ್‌ಗಳಲ್ಲಿ ನೆಲೆಸಿ ಪೌರತ್ವ ಪಡೆದ ಕನ್ನಡಿಗರ ಮನೆಗೂ ಆ ಪ್ರಶ್ನಾವಳಿ ಬರುತ್ತದೆ.

ನಮ್ಮಲ್ಲಿ ಆಗಾಗ ಕೇಳುವ ಮಾತು ಇದು: 'ಇಂಡಿಯಾದಲ್ಲೂ ಎರಡು ವರ್ಷ ಮಿಲಿಟರಿ ಕಡ್ಡಾಯ ಮಾಡಬೇಕು, ಹುಡುಗರು ಸರಿಹೋಗ್ತಾರೆ.' ಒಳ್ಳೆಯ ಉದ್ದೇಶದಿಂದಲೇ ಹೇಳುತ್ತಾರೆ. ಆದರೆ ಲೆಕ್ಕ ಹಾಕಿ. ಇಲ್ಲಿ ಪ್ರತಿ ವರ್ಷ ಒಂದು ಕೋಟಿಗೂ ಜಾಸ್ತಿ ಹುಡುಗರಿಗೆ 18 ತುಂಬುತ್ತದೆ. ಇಡೀ ಭೂಸೇನೆ ಇರುವುದೇ ಹನ್ನೆರಡು ಲಕ್ಷದ ಆಸುಪಾಸು. ಎಲ್ಲರನ್ನೂ ತೆಗೆದುಕೊಳ್ಳಲು ಸಾಧ್ಯವೇ ಇಲ್ಲ. ಹಾಗಾದರೆ ಯಾರನ್ನು ಕರೆಯೋದು, ಯಾರನ್ನು ಬಿಡೋದು? ಹತ್ತಕ್ಕೆ ಎಂಟು ಒಂಬತ್ತು ಮಂದಿ ಹೋಗುವ ಕೊರಿಯಾದಲ್ಲೇ ಉಳಿದ ಒಬ್ಬಿಬ್ಬರ ಬಗ್ಗೆ ಇಷ್ಟು ಸಿಟ್ಟು. ಹತ್ತಕ್ಕೆ ಒಬ್ಬನನ್ನು ಮಾತ್ರ ಕರೆದರೆ, ಯಾರ ಮಗನ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ ಎಂದು ನಾನು ಹೇಳಬೇಕಿಲ್ಲ. ಇಲ್ಲಿನ ಸ್ಥಿತಿಯೇ ಬೇರೆ. ಬೆಳಗಾವಿಯ ಭರ್ತಿ ಮೈದಾನದಲ್ಲಿ ನಸುಕಿನಲ್ಲೇ ಸಾಲು ನಿಂತು 1.6 ಕಿಲೋಮೀಟರ್ ಓಡುವ ಹುಡುಗರಿಗೆ ಯಾರೂ ಬಲವಂತ ಮಾಡಿಲ್ಲ. ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷವಾದ ಮೇಲೆ ನೂರರಲ್ಲಿ 25 ಮಂದಿಯನ್ನು ಮಾತ್ರ ಉಳಿಸಿಕೊಳ್ಳುತ್ತೇವೆ ಎಂದಾಗ 2022ರಲ್ಲಿ ದೇಶದ ಎಷ್ಟೋ ಕಡೆ ಗಲಾಟೆಯಾಯಿತು. ಅದು ಸೇವೆ ಬೇಡ ಎಂಬ ಗಲಾಟೆ ಆಗಿರಲಿಲ್ಲ.

ನಮ್ಮ ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸುತ್ತದೆ. ಅದೇ ವಿಧಿಯ ಎರಡನೇ ಭಾಗದಲ್ಲಿ, ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ವಿಧಿಸಲು ರಾಜ್ಯಕ್ಕೆ ಅಡ್ಡಿ ಇಲ್ಲ, ಆದರೆ ಧರ್ಮ, ಜನಾಂಗ, ಜಾತಿ, ವರ್ಗದ ಕಾರಣಕ್ಕೆ ಮಾತ್ರ ಭೇದ ಮಾಡಬಾರದು ಎಂದಿದೆ. ಬರೆದವರು ಪಂಕ್ತಿಭೇದದ ಬಗ್ಗೆ ಮೊದಲೇ ಯೋಚಿಸಿದ್ದರು. ಆ ಪಟ್ಟಿಯಲ್ಲಿ ಲಿಂಗ ಎಂಬ ಪದ ಇಲ್ಲ. ಕೊರಿಯಾದವರು ಇವತ್ತು ಜಗಳವಾಡುತ್ತಿರುವುದು ಅದೇ ಜಾಗದಲ್ಲಿ.

ಅಲ್ಲಿ ಗಂಡಸರಿಗೆ ಮಾತ್ರ ಕಡ್ಡಾಯ ಎಂಬ ನಿಯಮವನ್ನು ನ್ಯಾಯಾಲಯ 2010, 2014, 2023 ಸೇರಿ ಹಲವು ಸಲ ಎತ್ತಿಹಿಡಿದಿದೆ. ಆದರೆ ನ್ಯಾಯಾಲಯಕ್ಕಿಂತ ಬಲವಾದ ಒಂದು ಲೆಕ್ಕ ಈಗ ಎದುರಿಗೆ ನಿಂತಿದೆ. ಅದು ಹೆರಿಗೆ ಆಸ್ಪತ್ರೆಯ ಲೆಕ್ಕ. 2023ರಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 0.72 ಮಗು. ಪ್ರಪಂಚದಲ್ಲೇ ಅತಿ ಕಡಿಮೆ ದರಗಳಲ್ಲಿ ಒಂದು. 2019ರಲ್ಲಿ 5 ಲಕ್ಷ 60 ಸಾವಿರ ಇದ್ದ ಸೇನೆ 2025ಕ್ಕೆ 4 ಲಕ್ಷ 50 ಸಾವಿರಕ್ಕೆ ಇಳಿದಿದೆ. ಮೊದಲು ಮೈ ತುಂಬಾ ಹಚ್ಚೆ ಇದ್ದವರನ್ನು ಪೂರ್ತಿ ಸೈನಿಕ ಸೇವೆಗೆ ಹಾಕುತ್ತಿರಲಿಲ್ಲ, ಶಾಲೆ ಅರ್ಧಕ್ಕೆ ಬಿಟ್ಟವರನ್ನೂ ಹಾಕುತ್ತಿರಲಿಲ್ಲ. 2021ರಿಂದ ಅವರೂ ಹೋಗಬೇಕು. ಜರಡಿಯ ತೂತು ಸಣ್ಣದಾಗುತ್ತಾ ಬಂದಿದೆ.

2023ರಲ್ಲಿ ಆ ದೇಶದಲ್ಲಿ ಹುಟ್ಟಿದ್ದು ಒಟ್ಟು ಸುಮಾರು 2 ಲಕ್ಷ 30 ಸಾವಿರ ಮಕ್ಕಳು. ಅದರಲ್ಲಿ ಗಂಡುಮಕ್ಕಳು ಅರ್ಧದಷ್ಟು, ಒಂದು ಲಕ್ಷ ಚಿಲ್ಲರೆ. 2043ರಲ್ಲಿ ಅವರಿಗೆ ಇಪ್ಪತ್ತು ತುಂಬುತ್ತದೆ. ಯಾವ ಸರ್ಕಾರವೂ ಆ ಸಂಖ್ಯೆಯನ್ನು ಒಂದರಷ್ಟೂ ಏರಿಸಲಾರದು. ಆಗ ಇರುವ ದಾರಿಗಳು ಕೆಲವೇ. ಅವಧಿ ಉದ್ದ ಮಾಡಬೇಕು, ಹೆಣ್ಣುಮಕ್ಕಳನ್ನು ಕರೆಯಬೇಕು, ಇಲ್ಲಾ ಒಳ್ಳೆಯ ಸಂಬಳ ಕೊಟ್ಟು ಇಷ್ಟವಿದ್ದವರ ಸಣ್ಣ ಸೇನೆ ಕಟ್ಟಬೇಕು. ನನ್ನ ಮನಸ್ಸು ಮೂರನೆಯದರ ಕಡೆಗೆ. ಮೊದಲ ಎರಡರಲ್ಲಿ ಯಾವುದನ್ನು ಆರಿಸಿದರೂ 1999ರಲ್ಲಿ ತೀರಿಸದೆ ಬಿಟ್ಟ ಸಾಲಕ್ಕೆ ಇನ್ನಷ್ಟು ಬಡ್ಡಿ ಸೇರುತ್ತದೆ. ಆ ಒಂದು ಲಕ್ಷ ಚಿಲ್ಲರೆ ಗಂಡುಮಕ್ಕಳು ಈಗಿನ್ನೂ ಬಾಲವಾಡಿಗೆ ಹೋಗುವ ವಯಸ್ಸಿನವರು.